ಇಪ್ಪತ್ತೆರಡನೇ ನಂಬರಿನ ಹಾಜರಿ

ಜೂನ್ ೨೮, ಶುಕ್ರವಾರ

ಎಪ್ಪತ್ತು! ಸರಿಯಾಗಿ ಎಪ್ಪತ್ತು. ಹೆಡ್ ಮಾಸ್ತರ್ ಸಂಗಯ್ಯನವರು ಎರಡು ಸಲ ಎಣಿಸಿದರು, ನಂಬಿಕೆ ಬರದೆ ನಾನು ಮೂರನೇ ಸಲ ಎಣಿಸಿದೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ಸೇರಿ ಎಪ್ಪತ್ತು ಮಕ್ಕಳು. ಒಂದು ಕಡಿಮೆಯಾದರೂ ಈ ಸಲ ಹೊನ್ನೆಕುಂಬ್ರಿ ಹೈಸ್ಕೂಲಿನ ಒಂದು ಹುದ್ದೆ ‘ಹೆಚ್ಚುವರಿ’ ಆಗುತ್ತದೆ ಎಂದು ಅವರು ಯಲ್ಲಾಪುರದ ಸಭೆಯಲ್ಲಿ ಕೇಳಿಕೊಂಡು ಬಂದಿದ್ದಾರೆ. ಹೆಚ್ಚುವರಿಯಂತೆ, ಹೆಚ್ಚುವರಿ! ವಿಜ್ಞಾನದ ಹುದ್ದೆ ಖಾಲಿಯಾಗಿ ಎರಡು ವರ್ಷವಾಯಿತು. ಹಿಂದಿ ಮಾಸ್ತರರು ವರ್ಗವಾದ ಮೇಲೆ ಹಿಂದಿಯೂ ನನ್ನ ತಲೆಗೇ ಬಂತು. ಸಮಾಜ ವಿಜ್ಞಾನ ಕಲಿಸಲು ಬಂದ ಈ ಗಂಗಾಂಬಿಕಾ ಟೀಚರ್ ಈಗ ಹಿಂದಿಯಲ್ಲಿ ಮೇಜು ಗಂಡೋ ಹೆಣ್ಣೋ ಎಂದು ಹೇಳಿಕೊಡಬೇಕು. ನನಗೇ ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಲಿ?

ಹೋದರೆ ಹೋಗುವುದು ಉಲ್ಲಾಸ್ ಸರ್. ಎಲ್ಲರಿಗಿಂತ ಕಿರಿಯರು ಅವರೇ. ಅವರು ಬರುವ ಮುಂಚೆ ನಮ್ಮಲ್ಲಿ ಗಣಿತ ಪಾಸಾಗುವುದು ದೇವರ ಪ್ರಸಾದದ ಹಾಗೆ, ಸಿಕ್ಕಿದವರಿಗೆ ಸಿಕ್ಕಿತು. ಈಗ ಹತ್ತನೇ ತರಗತಿಯ ತನುಜಾ ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಮಾಡಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಾಳೆ. ಚೌಡನ ಮಗಳು, ಮಾತು ಕಡಿಮೆ. “ಪಟ್ಟಿ ಪುಸ್ತಕದಲ್ಲಿ ಮಾಡೇ” ಎಂದರೆ, “ಹಾಳೆ ಎಂತಕ್ಕೆ ಹಾಳು ಮಾಡದು ಟೀಚರ್, ಕೈಯಾದ್ರೆ ತೊಳೆದ್ರೆ ಹೋಗ್ತದೆ” ಎನ್ನುತ್ತಾಳೆ. ನಕ್ಕುಬಿಟ್ಟೆ.

ಉಲ್ಲಾಸ್ ಸರ್ ಹೋಗಬಾರದು. ಏನಾದರೂ ಆಗಲಿ, ಹೋಗಬಾರದು.

ಜುಲೈ ೧೯, ಶುಕ್ರವಾರ

ತನುಜಾ ಬಾರದೆ ಹತ್ತು ದಿನವಾಯಿತು. ಹಾಜರಿ ಪುಸ್ತಕದಲ್ಲಿ ಹತ್ತು ಚುಕ್ಕಿ ಇಟ್ಟಿದ್ದೇನೆ. ಇದು ನಮ್ಮ ಶಾಲೆಯ ಹಳೆಯ ಪದ್ಧತಿ, ನಾನು ಬರುವ ಮುಂಚಿನದು. ಮಗು ಬರದಿದ್ದರೆ ತಕ್ಷಣ ‘ಗೈ’ ಬರೆಯುವುದಿಲ್ಲ, ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತೇವೆ. ಹಳ್ಳ ತುಂಬಿರಬಹುದು, ಬಸ್ಸು ತಪ್ಪಿರಬಹುದು. ಮಗು ಬಂದ ಮೇಲೆ ಕಾರಣ ಕೇಳಿ ಚುಕ್ಕಿಯನ್ನು ‘ಹಾ’ ಮಾಡುತ್ತೇವೋ ‘ಗೈ’ ಮಾಡುತ್ತೇವೋ, ಆಮೇಲಿನ ಮಾತು. ಒಳ್ಳೆಯ ಪದ್ಧತಿ ಎಂದೇ ನನಗೆ ಅನ್ನಿಸುತ್ತಿತ್ತು.

ಚೌಡನಿಗೆ ಫೋನ್ ಮಾಡಿದೆ. “ಶಿರಸೀಲಿ ನಮ್ಮ ಹೆಂಡ್ತಿ ಕಡೆ ನೆಂಟ್ರ ಮನೇಲಿ ಅದೆ ಅಕ್ಕೋರೇ. ನೋಡನ, ಸ್ವಲ್ಪ ದಿನ” ಎಂದ. ಬರುತ್ತಾಳಾ ಎಂದರೆ “ನೋಡನ” ಎಂದ. ಯಾವಾಗ ಎಂದರೂ ನೋಡನ.

ಸಂಗಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಗೈರು ಬರ್ಕೋತ ಹೋದ್ರ ಹೆಸರು ತಗೀಬೇಕಾಗ್ತೈತಿ ಅಕ್ಕೋರ. ಹೆಸರು ತಗದ್ರ ಅರವತ್ತೊಂಬತ್ತು. ಆಮ್ಯಾಲ ನಿಮ್ಮ ಉಲ್ಲಾಸ್ ಸರ್‌ಗೆ ಹಾರ ಹಾಕಿ ಕಳಸೂದು. ಏನ್ ಮಾಡ್ತೀರಿ, ನೋಡ್ರಿ.”

ಮನೆಗೆ ಹೋಗಿ ವಿಚಾರಿಸಬೇಕೆಂದು ನಿಯಮವಿದೆ. ಯಾರು ಹೋಗಬೇಕು? ಇರುವ ನಾಲ್ಕು ಜನರಲ್ಲಿ ಒಬ್ಬರು ಹೊರಗೆ ಹೋದರೆ ಒಂದು ತರಗತಿ ಬೀದಿಪಾಲು. ಒಂದು ತಿಂಗಳಲ್ಲಿ ಬರುತ್ತಾಳೆ. ಹತ್ತೂ ಚುಕ್ಕಿಗಳನ್ನು ‘ಹಾ’ ಮಾಡಿದೆ. ನನಗಾಗಿ ಮಾಡಿದ್ದಲ್ಲ, ಮಕ್ಕಳಿಗಾಗಿ.

ಆಗಸ್ಟ್ ೬, ಮಂಗಳವಾರ

ಹಾಜರಿ ಹಾಕಿದ ಮೇಲೆ ಊಟದ ಲೆಕ್ಕಕ್ಕೂ ಆ ಹುಡುಗಿ ಸೇರಬೇಕಲ್ಲ. ಸೇರಿಸಿದೆ. ಅಡುಗೆಯ ಹೊನ್ನಿ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಬೇಯಿಸಿದ ಮೊಟ್ಟೆ.

“ಅಕ್ಕೋರೇ, ದಿನಾ ಒಂದು ಉಳೀತದೆ. ತನುಜನ ಮೊಟ್ಟೆ ಎಂತ ಮಾಡ್ಲಿ?”

“ಯಾರಿಗಾದರೂ ಕೊಡು ಮಾರಾಯ್ತಿ, ಅದಕ್ಕೂ ನನ್ನ ಕೇಳಬೇಕಾ?”

ರೇಗಿಬಿಟ್ಟೆ. ಹೊನ್ನಿ ತನುಜನ ಕೇರಿಯವಳೇ. ಆಮೇಲೆ ಪಾಪ ಅನ್ನಿಸಿತು.

ಆಗಸ್ಟ್ ೩೦, ಶುಕ್ರವಾರ

ಇವತ್ತು ನನ್ನನ್ನು ನಾನೇ ಮೆಚ್ಚಿಕೊಂಡೆ! ಶಿಕ್ಷಣ ಇಲಾಖೆಯವರು ಹೇಳದೆ ಕೇಳದೆ ತಪಾಸಣೆಗೆ ಬಂದರು. ಸಾಹೇಬರು ಬಾಗಿಲಲ್ಲೇ ನಿಂತು ಬೆರಳು ತೋರಿಸಿ ತೋರಿಸಿ ತಲೆ ಎಣಿಸಿದರು. “ಪುಸ್ತಕದಲ್ಲಿ ಇಪ್ಪತ್ತೆರಡನೇ ನಂಬರು ತನುಜಾ ಹಾಜರಿದ್ದಾಳೆ, ಎಲ್ಲಿ?” ಎಂದರು. ನನ್ನ ಬಾಯಿ ನೋಡು, ಅದು ನನಗಿಂತ ಮುಂದೆ. “ಜ್ವರ ಇತ್ತು ಸರ್. ಈಗಷ್ಟೇ ಮನೆಗೆ ಕಳಿಸಿದೆ, ಒಬ್ಬಳನ್ನೇ ಕಳಿಸಿದ್ದಕ್ಕೆ ಮನಸ್ಸೇ ಸರಿಯಿಲ್ಲ ನೋಡಿ” ಎಂದೆ. ಸಾಹೇಬರೇ ನನಗೆ ಸಮಾಧಾನ ಹೇಳಿದರು. ಶಿವನೇ!

ಇನ್ನೂ ಹೆಚ್ಚಿನದೆಂದರೆ ತರಗತಿಯ ಒಂದು ಮಗುವೂ ಬಾಯಿ ಬಿಡಲಿಲ್ಲ. ಹೇಳಿಕೊಟ್ಟಿರಲಿಲ್ಲ, ತಾವಾಗಿಯೇ ತಿಳಿದುಕೊಂಡರು. ಎಷ್ಟು ಚುರುಕು ನನ್ನ ಮಕ್ಕಳು! ಸಮೃದ್ಧಿ ಮಾತ್ರ ತಲೆ ತಗ್ಗಿಸಿ ಪಕ್ಕದ ಖಾಲಿ ಜಾಗದ ಮೇಲೆ ತನ್ನ ಚೀಲ ಎತ್ತಿಟ್ಟಳು.

ಈಗ ಚುಕ್ಕಿ ಇಡುವುದಿಲ್ಲ. ನೇರ ‘ಹಾ’. ಪೆನ್ನಿನಲ್ಲೇ.

ಸೆಪ್ಟೆಂಬರ್ ೨೬, ಗುರುವಾರ

ಇನ್ನು ನಾಲ್ಕೇ ದಿನ. ತಿಂಗಳ ಕೊನೆಯ ಸಂಖ್ಯೆಯೇ ಅಂತಿಮವಂತೆ.

ಮೂರನೇ ಪೀರಿಯಡ್ಡಿನಲ್ಲಿ ಶಾಲೆಯ ಫೋನಿಗೆ ಕರೆ ಬಂತು. ಸಂಗಯ್ಯನವರು ಇರಲಿಲ್ಲ, ನಾನೇ ಎತ್ತಿದೆ. ಯಾರೋ ಹೆಂಗಸು, ಇಲಾಖೆಯಿಂದ ಎಂದರು, ಯಾವ ಇಲಾಖೆ ಎಂದು ಕೇಳುವಷ್ಟು ಪುರುಸೊತ್ತು ನನಗೆಲ್ಲಿ. “ನಿಮ್ಮಲ್ಲಿ ಹತ್ತನೇ ತರಗತಿಯಲ್ಲಿ ತನುಜಾ ಚೌಡ ನಾಯ್ಕ ಅಂತ ಇದ್ದಾಳಾ?”

“ಇದ್ದಾಳೆ.”

“ಇವತ್ತು ಬಂದಿದ್ದಾಳಾ?”

“ದಿನಾ ಬರ್ತಾಳೆ ಮೇಡಂ. ಇವತ್ತೂ ಬಂದಿದ್ದಾಳೆ. ಇಲ್ಲೇ ನನ್ನ ಎದುರಿಗೇ ಕೂತು ಲೆಕ್ಕ ಮಾಡ್ತಿದ್ದಾಳೆ.”

ಅತ್ತ ಯಾವುದೋ ಪಾಪು ಅಳುತ್ತಿತ್ತು. ಆ ಹೆಂಗಸು ಹಾಜರಿ ಪುಟದ ಫೋಟೋ ಕಳಿಸಿ ಎಂದರು. ಕಳಿಸಿದೆ. ವಿದ್ಯಾರ್ಥಿವೇತನದ ವಿಚಾರವಿರಬೇಕು. ಅಕ್ಷರ ಮುತ್ತಿನಂತಿದೆ ನನ್ನದು, ನೋಡಿದವರು ಅನುಮಾನ ಪಡುವ ಹಾಗಿಲ್ಲ.

ನವೆಂಬರ್ ೧೨, ಮಂಗಳವಾರ

ಹೆಚ್ಚುವರಿ ಹುದ್ದೆಗಳ ಪಟ್ಟಿ ಬಂತು. ನಮ್ಮ ಶಾಲೆಯ ಹೆಸರಿಲ್ಲ! ಉಲ್ಲಾಸ್ ಸರ್ ಉಳಿದರು. ಸಂಗಯ್ಯನವರು ಪೇಡೆ ತರಿಸಿದರು. “ಎಪ್ಪತ್ತರ ಮಹಿಮೆ ನೋಡ್ರಿ ಅಕ್ಕೋರ” ಎಂದು ನನ್ನ ಕೈಗೆ ಎರಡು ಹಾಕಿದರು. ಉಲ್ಲಾಸ್ ಸರ್ ಮಾತ್ರ ಪೇಡೆ ಹಿಡಿದುಕೊಂಡೇ, “ತನುಜಾ ಬೇರೆ ಶಾಲೆಗೆ ಸೇರಿದಳಾ ಮೇಡಂ? ನೀವು ವಿಚಾರಿಸಿರ್ತೀರಿ ಅಂದುಕೊಂಡೆ” ಎಂದರು.

“ಹೂಂ, ಶಿರಸಿಯಲ್ಲಿದ್ದಾಳೆ” ಎಂದೆ. ಸುಳ್ಳೇನಲ್ಲವಲ್ಲ.

ನವೆಂಬರ್ ೧೬, ಶನಿವಾರ

ಬರೆಯದಿದ್ದರೆ ಆಗುವುದಿಲ್ಲ.

ಬೆಳಗಿನ ಶಾಲೆ ಮುಗಿದಿತ್ತು. ಹೊನ್ನಿ ದೊಡ್ಡ ಪಾತ್ರೆ ತಿಕ್ಕುತ್ತ ಕೂತಿದ್ದಳು. ನನ್ನ ಮುಖ ನೋಡದೆಯೇ ಮಾತು ತೆಗೆದಳು.

“ನಿನ್ನೆ ತನುಜ ಫೋನ್ ಮಾಡಿತ್ತು ಅಕ್ಕೋರೇ. ಪಕ್ಕದ ಮನೆಯವರ ಫೋನಿಂದ.”

“ಹೌದಾ? ಓದ್ತಿದ್ದಾಳಂತಾ?”

“ಎಂತ ಓದು? ಶಾಲೆಗೇ ಹಾಕ್ಲಿಲ್ಲ ಅದ್ನ. ಪಾಪು ನೋಡದು, ಪಾತ್ರೆ, ಬಟ್ಟೆ, ನೆಲ ಒರ್ಸದು. ನಾಲ್ಕು ತಿಂಗ್ಳಾತು.”

ಹೊನ್ನಿ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯವರು ನೋಡಲಾರದೆ ಮಕ್ಕಳ ಸಹಾಯವಾಣಿಗೆ ಹೇಳಿದರಂತೆ. ಇಬ್ಬರು ಬಂದರಂತೆ. ಮನೆಯೊಡತಿ, ಇವಳು ಮಮತಾ, ನೆಂಟರ ಹುಡುಗಿ, ಹದಿನೆಂಟು ತುಂಬಿದೆ ಎಂದು ಯಾವುದೋ ಕಾರ್ಡು ತೋರಿಸಿದಳಂತೆ. ಹುಡುಗಿ ಅಳುತ್ತ, ಅಲ್ಲ, ನಾನು ತನುಜಾ, ಹೊನ್ನೆಕುಂಬ್ರಿ ಹೈಸ್ಕೂಲಿನಲ್ಲಿ ಹತ್ತನೇ ತರಗತಿ, ಬೇಕಾದರೆ ನಮ್ಮ ಟೀಚರ್‌ನ ಕೇಳಿ ಎಂದಳಂತೆ.

ಕೇಳಿದರು. ಅಲ್ಲೇ, ಆ ಮನೆಯ ಹಾಲ್‌ನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಫೋನಿನ ಸ್ಪೀಕರ್ ಹಾಕಿ.

“ನಿಮ್ಮ ಧ್ವನಿ ಕೇಳ್ತಂತೆ ಅಕ್ಕೋರೇ” ಎಂದಳು ಹೊನ್ನಿ.

ಅಯ್ಯೋ, ನಾನು ಏನೆಂದೆ ಅವತ್ತು! ಎದುರಿಗೇ ಕೂತು ಲೆಕ್ಕ ಮಾಡ್ತಿದ್ದಾಳೆ ಎಂದೆ. ಯಾರೂ ಕೇಳದಿದ್ದರೂ ಹೇಳಿದೆ. ಬಂದವರು ನನ್ನ ಮುತ್ತಿನಂಥ ಅಕ್ಷರದ ಫೋಟೋ ತೋರಿಸಿ, ಸುಳ್ಳು ಹೇಳಬಾರದಮ್ಮ ಎಂದು ಆ ಮಗುವಿಗೇ ಬುದ್ಧಿ ಹೇಳಿ ಹೋದರಂತೆ. ಅವತ್ತಿನಿಂದ ಆ ಮನೆಯಲ್ಲಿ ಅವಳನ್ನು ಎಲ್ಲರೂ ಮಮತಾ ಎಂದೇ ಕರೆಯುತ್ತಾರಂತೆ.

ನವೆಂಬರ್ ೧೭, ಭಾನುವಾರ

ಅತ್ತ ಅಳುತ್ತಿದ್ದ ಪಾಪು ಅವಳ ಸೊಂಟದ ಮೇಲೇ ಇತ್ತು.

ನವೆಂಬರ್ ೧೯, ಮಂಗಳವಾರ

ಸಂಗಯ್ಯನವರಿಗೆ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಬಂದರು. “ಸುಮ್ನ ಉರಿಯೂ ಬೆಂಕಿಗೆ ಕೈ ಹಾಕಬ್ಯಾಡ್ರಿ ಅಕ್ಕೋರ. ಅವರಪ್ಪನ್ನ ಕರಸಿ ಕರ್ಕೊಂಡ್ ಬಾ ಅನ್ನೂಣು. ಹುಡುಗಿ ಬಂದ್ಳು, ಮುಗೀತು.”

ಚೌಡನನ್ನು ಕರೆಸಿದೆವು. ಹೊನ್ನಿ ಹೇಳುವ ತನಕ ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ! “ಅಲ್ಲೇ ಶಾಲೆಗೆ ಹಾಕ್ತೀವಿ ಅಂದಿದ್ರು ಅಕ್ಕೋರೇ. ಇಲ್ಲಿ ವಿಜ್ಞಾನಕ್ಕೆ ಮಾಸ್ತರೇ ಇಲ್ಲ, ಶಿರಸೀಲಿ ಎಲ್ಲಾದಕ್ಕೂ ಇದಾರೆ ಅಂತ ಕಳ್ಸಿದ್ದು ನಾನು. ಫೋನ್ ಮಾಡ್ದಾಗೆಲ್ಲ ಪಕ್ಕದಲ್ಲಿ ಅವ್ರು ಇರ್ತಿದ್ರು, ಅರಾಮಿದೀನಿ ಅಂತಿತ್ತು. ನೀವು ಟಿ.ಸಿ. ವಿಷ್ಯ ಎತ್ಲೇ ಇಲ್ಲ, ಒಂದು ಸಲ ಬಿಟ್ರೆ ಕೇಳ್ಳೂ ಇಲ್ಲ. ಎಲ್ಲಾ ಸರಿ ಅದೆ, ನೀವು ನೀವೇ ಮಾಡ್ಕಂಡಿದೀರಿ ಅಂದ್ಕಂಡೆ.” ಶನಿವಾರವೇ ಹೊನ್ನಿ ಹೇಳಿದ ಕೂಡಲೇ ಶಿರಸಿಗೆ ಓಡಿದ್ದನಂತೆ. ಗೇಟಿನಲ್ಲೇ ನಿಲ್ಲಿಸಿ, ಹುಡುಗಿ ನಮ್ಮ ಜೊತೆ ಊರಿಗೆ ಹೋಗಿ ಬಂದ ಮೇಲೆ ಕಳಿಸ್ತೀವಿ ಎಂದು ಸಾಗಹಾಕಿದರಂತೆ.

ಅವನು ಹೇಳುತ್ತಿರುವಾಗಲೇ ನಾನು ಫೋನ್ ತೆಗೆದು ಸಹಾಯವಾಣಿಯ ನಾಲ್ಕು ಅಂಕಿ ಒತ್ತಿದೆ. ಸಂಗಯ್ಯನವರು “ಅಕ್ಕೋರ, ಅಕ್ಕೋರ” ಎನ್ನುತ್ತಲೇ ಇದ್ದರು. ಸೆಪ್ಟೆಂಬರ್ ಇಪ್ಪತ್ತಾರರಂದು ಸುಳ್ಳು ಹೇಳಿದ ಟೀಚರ್ ನಾನೇ ಎಂದೆ. ಅತ್ತ ಇದ್ದ ಹುಡುಗ “ಏನಂದಿರಿ?” ಎಂದ. ಎರಡನೇ ಸಲವೂ ಹೇಳಿದೆ.

ನವೆಂಬರ್ ೨೨, ಶುಕ್ರವಾರ

ಸಹಾಯವಾಣಿಯವರು ತನುಜನನ್ನು ಆ ಮನೆಯಿಂದ ಕರೆತಂದರು. ಶಿರಸಿಯಲ್ಲಿ ಹೇಳಿಕೆ ಕೊಡಲು ನಾನೂ ಹೋಗಿದ್ದೆ. ತನುಜಾ ಬೆಂಚಿನ ತುದಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಚೌಡ. ನಾನು ಏನೇನೋ ಹೇಳಬೇಕೆಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವಳ ಅಂಗೈ ನೋಡಿದೆ. ಸೋಪಿನ ಪುಡಿಗೆ ಸಿಪ್ಪೆ ಎದ್ದು, ಗೆರೆಗಳೆಲ್ಲ ಬಿರುಕು ಬಿಟ್ಟಿದ್ದವು.

ಅವಳೇ “ಉಲ್ಲಾಸ್ ಸರ್ ಇದಾರಾ ಟೀಚರ್? ಹೋಗ್ಲಿಲ್ಲ ಅಲ್ದಾ?” ಎಂದು ಕೇಳಿದಳು.

ಡಿಸೆಂಬರ್ ೩, ಮಂಗಳವಾರ

ತನುಜಾ ಶಾಲೆಗೆ ಬಂದಳು. ಸಮೃದ್ಧಿ ಚೀಲ ಎತ್ತಿ ಜಾಗ ಮಾಡಿಕೊಟ್ಟಳು. ಹಾಜರಿ ಕರೆದೆ. ಜಯಾ, ದರ್ಶನ, ನವೀನ, ಸಮೃದ್ಧಿ, ಸಂಹಿತಾ. ತನುಜಾ ಎಂದಾಗ ಉತ್ತರವಿಲ್ಲ. ಕಿಟಕಿಯ ಕಡೆ ನೋಡುತ್ತ ಕೂತಿದ್ದಾಳೆ. ಸಮೃದ್ಧಿ ಮೊಣಕೈಯಿಂದ ತಿವಿದಳು. ಬೆಚ್ಚಿ ಎದ್ದು ನಿಂತು “ಹಾಂ, ಬಂದೆ ಅಕ್ಕಾ” ಎಂದಳು. ಯಾರೂ ನಗಲಿಲ್ಲ. ಇನ್ನೊಂದು ಸಲ ಕರೆದೆ.

ಮಧ್ಯಾಹ್ನ ಸಂಗಯ್ಯನವರು ಕೂರಿಸಿಕೊಂಡು ಮಾತಾಡಿದರು. ಶುಕ್ರವಾರದೊಳಗೆ ಹಾಜರಿ ಪುಸ್ತಕದ ನಕಲು ಮತ್ತು ನನ್ನ ಲಿಖಿತ ವಿವರಣೆ ಕೊಡಬೇಕು. ಆ ಮನೆಯವರು ವಕೀಲರನ್ನು ಹಿಡಿದು, ಹುಡುಗಿ ರಜೆಯಲ್ಲಿ ಮಾತ್ರ ಬರುತ್ತಿದ್ದಳು, ಉಳಿದಂತೆ ಶಾಲೆಯಲ್ಲೇ ಇದ್ದಳು, ಬೇಕಾದರೆ ಶಾಲೆಯ ಪುಸ್ತಕ ನೋಡಿ ಎನ್ನುತ್ತಿದ್ದಾರಂತೆ.

“ನೋಡ್ರಿ, ಇಪ್ಪತ್ತಾರನೇ ತಾರೀಖು ಒಂದಿನ ತಪ್ಪಾತು, ಕಣ್ತಪ್ಪಿನಿಂದ ಹಾಜರಿ ಬಿತ್ತು ಅಂತ ಬರೀರಿ. ಉಳಿದದ್ದು ಹಂಗ ಇರ್ಲಿ. ಎಲ್ಲಾ ತಿದ್ದಿದ್ರ ನಿಮಗ ಅಮಾನತ್ತು, ನನಗೂ ನೋಟೀಸು, ಉಲ್ಲಾಸ್ ಸರ್ ಹುದ್ದೆ ಮತ್ತ ತನಿಖಿಗೆ. ಅದು ಹ್ವಾದ್ರ ಹೋಗ್ಲಿ ಅನ್ರಿ. ಆ ಹುಡುಗಿ? ಹಾಜರಿ ಕಡಿಮಿ ಬಿದ್ದ್ರ ಮಾರ್ಚಿನ ಪರೀಕ್ಷಾಕ್ಕ ಕೂಡ್ಸಾಕ ಬರೂದಿಲ್ಲ. ವರ್ಷ ಹೋಗ್ತೈತಿ ಅಕಿದು. ಅದನ್ನ ವಿಚಾರ ಮಾಡ್ರಿ.”

ವಿಚಾರ ಮಾಡುತ್ತಿದ್ದೇನೆ. ಅವರು ಹೇಳುವುದರಲ್ಲಿ ತಪ್ಪಿದೆಯೇ? ನನ್ನದಿರಲಿ. ಅವಳು ಪರೀಕ್ಷೆ ಬರೆಯಲಿ ಎಂದರೆ ಪುಸ್ತಕ ಇದ್ದ ಹಾಗೇ ಇರಬೇಕು. ನನಗಾಗಿ ಅಲ್ಲ, ತನುಜನಿಗಾಗಿ. ಈ ಮಾತನ್ನು ಹಿಂದೆಲ್ಲೋ ಬರೆದ ಹಾಗಿದೆ.

ಡಿಸೆಂಬರ್ ೫, ಗುರುವಾರ

ಶಾಲೆ ಬಿಟ್ಟ ಮೇಲೆ ತನುಜನನ್ನು ನಿಲ್ಲಿಸಿಕೊಂಡೆ. ಬಾಗಿಲಲ್ಲಿ ಚೌಡ ಕಾಯುತ್ತಿದ್ದ. ಹಾಜರಿ ಪುಸ್ತಕವನ್ನು ಅವಳ ಮುಂದಿಟ್ಟು ಇದ್ದುದನ್ನೆಲ್ಲ ಹೇಳಿದೆ. ಇಪ್ಪತ್ತಾರನೇ ತಾರೀಖು ಒಂದನ್ನೇ ತಿದ್ದಿದರೆ ಅವಳು ಮಾರ್ಚಿನಲ್ಲಿ ಪರೀಕ್ಷೆ ಬರೆಯಬಹುದು, ಆದರೆ ಆ ಮನೆಯವರು ತಪ್ಪಿಸಿಕೊಳ್ಳಬಹುದು. ಎಲ್ಲ ತಿದ್ದಿದರೆ ವರ್ಷ ಹೋಗುತ್ತದೆ. ನನ್ನ ಕೆಲಸದ ಸುದ್ದಿ ಎತ್ತಲಿಲ್ಲ. ಅಷ್ಟಾದರೂ ಮಾನ ಉಳಿಸಿಕೊಂಡೆ.

ಅವಳು ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಜುಲೈಯಿಂದ ನಡೆಸಿಕೊಂಡು ಬಂದಳು. ತಿಂಗಳಿಗೊಂದರಂತೆ ಅಂಗೈ ಮೇಲೆ ಪೆನ್ನಿನಲ್ಲಿ ಅಂಕಿ ಬರೆದುಕೊಂಡಳು. ಬಿರುಕಿನ ಮೇಲೆ ಪೆನ್ನು ಸರಿಯಾಗಿ ಮೂಡುತ್ತಿರಲಿಲ್ಲ, ಎರಡೆರಡು ಸಲ ತಿದ್ದಿದಳು.

“ಎಂಬತ್ತೇಳು ದಿನ ಟೀಚರ್.”

“ಹೂಂ.”

“ಎಂಬತ್ತೇಳು ದಿನಾನೂ ನಾನು ಇಲ್ಲೇ ಇದ್ದಿದ್ರೆ, ಆ ಪಾಪುನ ಎತ್ಕಂಡಿದ್ದು ಯಾರು?”

ಬಾಗಿಲಲ್ಲಿ ಚೌಡ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಇಲ್ಲ ಅಂತ ಬರೀರಿ” ಎಂದಳು. “ಪರೀಕ್ಷೆ ಬರೂ ವರ್ಷ ಬರೀತೀನಿ. ಲೆಕ್ಕ ಎಲ್ಲೂ ಓಡಿಹೋಗಲ್ಲ.”

ಅಷ್ಟರಲ್ಲಿ ಉಲ್ಲಾಸ್ ಸರ್ ಸೀಮೆಸುಣ್ಣದ ಕೈಯಲ್ಲಿ ಬಂದು ಚೌಡನ ಪಕ್ಕ ನಿಂತಿದ್ದರು. ಮೊನ್ನೆಯೇ ಅವರಿಗೆ ಎಲ್ಲ ಹೇಳಿದ್ದೆ. ಅವರು ಕುರ್ಚಿ ಎಳೆದು ಚೌಡನಿಗೆ ಕೊಟ್ಟರು.

ಕೆಂಪು ಪೆನ್ನು ತೆಗೆದೆ. ತನುಜಾ ತಾರೀಖು ಹೇಳುತ್ತ ಹೋದಳು, ನಾನು ಒಂದೊಂದೇ ‘ಹಾ’ ಹೊಡೆದು ಪಕ್ಕದಲ್ಲಿ ‘ಗೈ’ ಬರೆದು ಸಹಿ ಹಾಕುತ್ತ ಹೋದೆ. ಜುಲೈ ಮುಗಿಯಿತು, ಆಗಸ್ಟ್ ಮುಗಿಯಿತು. ನಡುವೆ ಅವಳು ಒಂದೊಂದು ದಿನದ್ದು ಹೇಳುತ್ತಿದ್ದಳು. ಅವತ್ತು ಪಾಪುಗೆ ಜ್ವರ. ಅವತ್ತು ಗ್ಲಾಸು ಒಡೆದಿತ್ತು. ಅವತ್ತು ಊಟ ಇರಲಿಲ್ಲ.

“ಸೆಪ್ಟೆಂಬರ್ ಇಪ್ಪತ್ತಾರು” ಎಂದಳು.

ಕೈ ನಿಂತುಹೋಯಿತು. ನನಗೆ ಪುಸ್ತಕವೇ ಕಾಣಿಸಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದೆ, ಅವಳು ಅದಕ್ಕೆ ಮುಂಚೆಯೇ ಹೇಳಿದಳು.

“ಅವತ್ತು ಫೋನಲ್ಲಿ ನಿಮ್ಮ ಧ್ವನಿ ಕೇಳಿದ ಕೂಡ್ಲೆ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ ಟೀಚರ್? ಟೀಚರ್ ಬಂದ್ರು, ಇನ್ನು ಮನೆಗೆ ಹೋಗದೇ ಅಂತ ಪಾಪುನ್ನ ಕೆಳಗೆ ಇಳಿಸಿದ್ದೆ.”

ಅವಳು ಕಾದಳು. ಆಮೇಲೆ ಪುಸ್ತಕವನ್ನು ನನ್ನ ಕಡೆ ಸ್ವಲ್ಪ ಸರಿಸಿ, “ಬರೀರಿ ಟೀಚರ್” ಎಂದಳು.

ಬರೆದೆ.

“ಇಪ್ಪತ್ತೇಳು” ಎಂದಳು.